ಹತ್ತಿರದ ಕಣ್ಣು

ಹತ್ತೂವರೆಗೆ ಬರುತ್ತೇನೆ ಎಂದಿದ್ದಳು ಟೈಲರಮ್ಮ. ಫೋನಿನಲ್ಲಿ ಅವಳು ‘ಬರ್ತೀನಿ’ ಎಂದಿದ್ದಳೋ ‘ನೋಡ್ತೀನಿ, ಆದ್ರೆ ಬರ್ತೀನಿ’ ಎಂದಿದ್ದಳೋ ಈಗ ಸರಿಯಾಗಿ ನೆನಪಾಗುತ್ತಿರಲಿಲ್ಲ. ಹತ್ತು ಗಂಟೆಗೇ ನೀಲಿ ಬಟ್ಟೆಯನ್ನು ಗೋಡೆಗೆ ಬಿಗಿಯಾಗಿ ಕಟ್ಟಿ, ಅದರ ಸುಕ್ಕುಗಳನ್ನು ಅಂಗೈಯಿಂದ ಸವರಿ, ಸ್ಟೂಲನ್ನು ನೆಲದ ಮೇಲಿನ ಟೇಪಿನ ಗುರುತಿಗೆ ಇಟ್ಟು, ಅರ್ಧ ಅಡಿ ಹಿಂದಕ್ಕೆ ತಳ್ಳಿ, ಮತ್ತೆ ಮುಂದಕ್ಕೆ ತಂದು, ಹನ್ನೊಂದು ವರ್ಷದಿಂದ ಅದೇ ಗುರುತಿನ ಮೇಲಿರುವ ಸ್ಟೂಲಿಗೆ ಇವತ್ತೇನು ಹೊಸ ಜಾಗ ಹುಡುಕುತ್ತಿದ್ದೇನೆ ಎಂದು ಫೋಟೋ ಮೇಡಂಗೆ ತನ್ನ ಮೇಲೇ ಸಿಟ್ಟು ಬಂತು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ, ಫೋಟೋ ಮೇಡಂ. ಸುಟ್ಟಗಾಯದ ವಿಭಾಗದ ಕೆಳಗಿನ ಮಹಡಿಯಲ್ಲಿ, ಬಟ್ಟೆ ಒಗೆದು ಜೋಡಿಸಿಡುವ ಕೋಣೆಗೂ ಎಕ್ಸ್‌ರೇ ಕೋಣೆಗೂ ನಡುವೆ, ಅವಳ ಕೋಣೆ. ಒಂದು ಕಡೆಯಿಂದ ಇಸ್ತ್ರಿಯ ಬಿಸಿ ವಾಸನೆ, ಇನ್ನೊಂದು ಕಡೆಯಿಂದ ‘ಉಸಿರು ಹಿಡೀರಿ, ಬಿಡಿ’ ಎನ್ನುವ ಕೂಗು. ದಿನಕ್ಕೆ ಎಷ್ಟೋ ಸಲ ತನಗೆ ಅರಿವಿಲ್ಲದೆಯೇ ಅವಳೂ ಉಸಿರು ಹಿಡಿದು ಬಿಡುತ್ತಿದ್ದಳು. ರೋಗಿಗಳು ಬರುತ್ತಾರೆ, ಕೂರುತ್ತಾರೆ. ಮುಂದಿನಿಂದ, ಎಡದಿಂದ, ಬಲದಿಂದ, ಗದ್ದ ಎತ್ತಿ, ಕಣ್ಣು ತೆರೆದು, ಕಣ್ಣು ಮುಚ್ಚಿ. ಆಪರೇಷನ್ನಿಗೆ ಮುಂಚೆ, ಆಮೇಲೆ. ಹೆಸರಿನ ಬದಲು ನಂಬರು ಬರೆದ ಫೈಲಿಗೆ ಚಿತ್ರಗಳು ಸೇರುತ್ತವೆ. ನಲವತ್ತೇಳರ ವಯಸ್ಸಿಗೆ ಅದು ಕೆಟ್ಟ ಕೆಲಸವೇನಲ್ಲ ಎಂದು ಅವಳಿಗೆ ಅನ್ನಿಸಿತ್ತು, ಮೂರು ತಿಂಗಳ ಹಿಂದಿನವರೆಗೆ.

ಆ ದಿನ ಗಡಿಬಿಡಿಯ ದಿನವೂ ಆಗಿರಲಿಲ್ಲ. ಗಡಿಬಿಡಿಯಿತ್ತು ಎಂದು ಹೇಳಿಕೊಳ್ಳಲು ಅವಳಿಗೆ ಎಷ್ಟೋ ಸಲ ಆಸೆಯಾಗಿತ್ತು. ಟೈಲರಮ್ಮ ಮೊದಲ ಆಪರೇಷನ್ ಮುಗಿಸಿ ಬಂದಿದ್ದಳು. ಹೊಲಿದ ಬಟ್ಟೆಯ ಇಸ್ತ್ರಿಗೆ ಹಬೆ ಕೊಡುವ ಬಾಯ್ಲರು ಸಿಡಿದು ಮುಖದ ಎಡಭಾಗ, ಕಿವಿ, ಕತ್ತು ಬೆಂದುಹೋಗಿ, ತೊಡೆಯ ಚರ್ಮ ತಂದು ಕೆನ್ನೆಗೆ ಹಚ್ಚಿದ್ದರು. ಕೋಣೆಯ ಗೋಡೆಯ ಮೇಲೆ ಒಂದು ಮಾನಿಟರು. ಕ್ಯಾಮೆರಾ ಕಾಣುವುದೆಲ್ಲ ಅದರಲ್ಲಿ ರೋಗಿಗೂ ಕಾಣಲಿ ಎಂದು ಅದನ್ನು ಅಲ್ಲಿ ಹಾಕಿಸಿದವಳು ಸ್ವತಃ ಫೋಟೋ ಮೇಡಂ. ಯಾರೋ ತಮ್ಮನ್ನು ಕದ್ದು ನೋಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಬಾರದು ಎಂಬ ಕನಿಕರದಿಂದ. ಹೊಸ ಕ್ಯಾಮೆರಾ, ಮುಖ ಕಂಡ ಕೂಡಲೇ ಅದರ ಸುತ್ತ ಹಳದಿ ಚೌಕ ಹಾಕಿ, ಕಣ್ಣನ್ನು ತಾನೇ ಹುಡುಕಿ, ತಾನೇ ಫೋಕಸ್ ಮಾಡಿಕೊಳ್ಳುವಂಥದ್ದು. ಟೈಲರಮ್ಮ ಕೂತಳು. ಚೌಕ ಬರಲಿಲ್ಲ. ಫೋಟೋ ಮೇಡಂ ಒಂದು ಹೆಜ್ಜೆ ಮುಂದೆ ಬಂದಳು, ಹಿಂದೆ ಹೋದಳು, ದೀಪ ಸರಿಸಿದಳು. ಚೌಕ ಒಮ್ಮೆ ಕತ್ತಿನ ಹತ್ತಿರ ಮಿಣುಕಿ, ಅಲ್ಲಿಂದ ಜಾರಿ, ನೀಲಿ ಬಟ್ಟೆಯ ಅಂಚು ಹಿಡಿದು ನಿಂತಿದ್ದ ಸಿಸ್ಟರ್ ಮುಖದ ಮೇಲೆ ಹೋಗಿ ಸುಖವಾಗಿ ಕೂತಿತು. ಆಗ ಅವಳ ಬಾಯಿಂದ ಬಂತು, ಎಂಜಲು ಜಾರುವಷ್ಟು ಸಲೀಸಾಗಿ: “ಅಯ್ಯೋ, ಇದಕ್ಕೆ ಮುಖಾನೇ ಸಿಗ್ತಿಲ್ವಲ್ಲ.”

ಮಾನಿಟರಿನಲ್ಲಿ ಟೈಲರಮ್ಮ ಎಲ್ಲ ನೋಡುತ್ತಿದ್ದಳು. ಸಿಸ್ಟರು ತಲೆ ಬಗ್ಗಿಸಿಬಿಟ್ಟಳು. ಅವಳು ತಲೆ ಬಗ್ಗಿಸಿದಂತೆ ಚೌಕವೂ ಕೆಳಗಿಳಿಯಿತು. “ಸಿಗದಿದ್ರೆ ಬಿಡಿ ಮೇಡಂ,” ಎಂದು ಟೈಲರಮ್ಮ ಎದ್ದು, ಮಡಿಲಲ್ಲಿದ್ದ ಸ್ಕಾರ್ಫನ್ನು ಒಂದು ಸುತ್ತು, ಎರಡು ಸುತ್ತು, ಬಹಳ ಅಚ್ಚುಕಟ್ಟಾಗಿ, ಬಟ್ಟೆಯ ಕೆಲಸದವರು ಸುತ್ತುವ ಹಾಗೆ ಸುತ್ತಿಕೊಂಡು ಹೊರಟುಹೋದಳು. ಚೌಕ ಬಾರದಂತೆ ಮಾಡುವ ಗುಂಡಿ ಮೆನುವಿನ ಮೂರನೆಯ ಪುಟದಲ್ಲೇ ಇತ್ತು. ಅವಳು ಹೋದ ಹತ್ತು ನಿಮಿಷಕ್ಕೆ ಫೋಟೋ ಮೇಡಂ ಅದನ್ನು ಒತ್ತಿ ಚೌಕ ಆರಿಸಿದಳು. ಅವಳು ಕೂರುವ ಮುಂಚೆಯೇ ಆರಿಸಿದ್ದರೆ, ಅಥವಾ ಬಾಯಿ ಮುಚ್ಚಿಕೊಂಡಿದ್ದರೆ. ಆಮೇಲಿನ ದಿನಗಳಲ್ಲಿ ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ ಸೀಟು ಸಿಕ್ಕಿ ಕಿಟಕಿಗೆ ತಲೆ ಆನಿಸಿದಾಗ, ಸ್ನಾನದ ನೀರು ಮೈಮೇಲೆ ಬೀಳುವಾಗ, ಆ ವಾಕ್ಯ ಅವಳದೇ ದನಿಯಲ್ಲಿ ಬಂದು ಕಿವಿಯ ಹತ್ತಿರ ನಿಲ್ಲುತ್ತಿತ್ತು. ಮುಖಾನೇ. ‘ಮುಖ’ ಎಂದಿದ್ದರೂ ಆಗುತ್ತಿತ್ತು. ಆ ‘ಆನೇ’ ಎಂಬುದನ್ನು ಯಾಕೆ ಸೇರಿಸಿದೆ?

ಟೈಲರಮ್ಮ ಎರಡು ಸಲದ ತಪಾಸಣೆಗೆ ಬಂದರೂ ಫೋಟೋದ ಕೋಣೆಗೆ ಮಾತ್ರ ಇಳಿಯಲಿಲ್ಲ. ಸರ್ಜನ್ ಒಂದು ದಿನ ಫೋಟೋ ಮೇಡಂ ಹತ್ತಿದ್ದ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟು ಅವಳನ್ನು ತಡೆದರು. “ಆ ಟೈಲರ್ ಪೇಷೆಂಟ್ ಫೋಟೋಗೆ ಯಾಕ್ರೀ ಬರ್ತಿಲ್ಲ? ರೆಪ್ಪೆ ಆಪರೇಷನ್ ಮಾಡ್ಬೇಕು. ಗುರುವಾರ ನಮ್ಮ ಮೀಟಿಂಗು, ಫೋಟೋ ಇಲ್ದೆ ಯಾರೂ ಒಪ್ಪಲ್ಲ. ಈ ಸಲ ತಪ್ಪಿದ್ರೆ ನಾಲ್ಕು ತಿಂಗಳು ಹೋಗುತ್ತೆ. ಎಡಗಣ್ಣು ಮುಚ್ಚೋಕಾಗಲ್ಲ ಆಕೆಗೆ, ಹೀಗೇ ಒಣಗ್ತಾ ಹೋದ್ರೆ ಕಣ್ಣೇ ಹೋಗುತ್ತೆ.” “ಗೊತ್ತಿಲ್ಲ ಸರ್,” ಎಂದಳು ಫೋಟೋ ಮೇಡಂ, “ವಿಚಾರಿಸ್ತೀನಿ.” ಲಿಫ್ಟಿನ ಬಾಗಿಲು ಮುಚ್ಚಿತು. ಉಕ್ಕಿನ ಬಾಗಿಲಲ್ಲಿ ತನ್ನ ಮುಖ ಉದ್ದವಾಗಿ, ಅಂಕುಡೊಂಕಾಗಿ ಕಂಡಿತು. ಗೊತ್ತಿಲ್ಲ ಅಂದುಬಿಟ್ಟೆನಲ್ಲ.

ಸಂಜೆ ಟೈಲರಮ್ಮನಿಗೆ ಫೋನು ಮಾಡಿದಾಗ ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಆ ಚೌಕ ಈಗ ಬರುವುದಿಲ್ಲ, ಆರಿಸಿದ್ದೇನೆ ಎಂದಳು. ಯಂತ್ರ ನಿಂತಿತು. “ಆರಿಸಿದ್ರೂ ಒಳಗಡೆ ಇರುತ್ತೆ ತಾನೆ ಮೇಡಂ? ಒಳಗಡೆ ಅದು ಹುಡುಕ್ತಾ ಇರುತ್ತೆ, ಸಿಕ್ಕಿಲ್ಲ ಅಂತ ಅನ್ಕೊಳ್ತಾ ಇರುತ್ತೆ. ನಿಮಗೆ ಹೇಳಲ್ಲ ಅಷ್ಟೆ.” ಎಲ್ಲಿಂದಲೋ, ಹಿಂದೆ ಸ್ಟುಡಿಯೋ ಇಟ್ಟಿದ್ದ ಚಿಕ್ಕಪ್ಪನ ಕಬ್ಬಿಣದ ಕಪಾಟು ಫೋಟೋ ಮೇಡಂ ಕಣ್ಣೆದುರು ಬಂತು. “ಹುಡುಕೋದೇ ಗೊತ್ತಿಲ್ಲದ ಲೆನ್ಸ್ ಒಂದಿದೆ,” ಎಂದಳು. “ಹಳೇದು. ಯಂತ್ರ ಇಲ್ಲ, ವೈರು ಇಲ್ಲ. ಕೈಯಲ್ಲೇ ತಿರುಗಿಸ್ಬೇಕು. ಅದನ್ನ ತರ್ತೀನಿ.” ಅತ್ತ ಕಡೆ ಯಂತ್ರ ಮತ್ತೆ ಓಡಿತು, ಆ ಸದ್ದಿನೊಳಗಿಂದಲೇ ಅವಳು ಬುಧವಾರ ಹತ್ತೂವರೆ ಎಂದಿದ್ದು.

ಕ್ಯಾಮೆರಾ ರಿಪೇರಿಯವನ ಬಳಿ ಅಡಾಪ್ಟರು ಕೊಂಡು, ಆಸ್ಪತ್ರೆಯ ಕ್ಯಾಮೆರಾವನ್ನೂ ಚೀಲಕ್ಕೆ ಹಾಕಿಕೊಂಡು, ಭಾನುವಾರ ಚಿಕ್ಕಪ್ಪನ ಮನೆಗೆ ಹೋದಾಗ ಅವರು ಮೂರನೆಯ ಮಹಡಿಯ ಕಿಟಕಿಯ ಬಳಿ ಕಾಯುತ್ತ ಕೂತಿದ್ದರು, ಮೊಣಕಾಲ ಮೇಲೆ ಲೆನ್ಸು. ಎಂಬತ್ತೈದು ಮಿಲಿಮೀಟರಿನದು, ಕೈಗೆ ಭಾರ, ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುವಂಥದ್ದು. ಅಡಾಪ್ಟರನ್ನು ಅವರು ಎರಡು ಬೆರಳಲ್ಲಿ ಹಿಡಿದು, ಅದರ ತೂತಿನೊಳಗಿಂದ ಅವಳನ್ನು ನೋಡಿದರು. “ಒಳಗೆ ಗಾಜಿಲ್ವಲ್ಲೇ ಪುಟ್ಟಿ. ಬರೀ ಬಳೆ.” ಆ ಬಳೆ ಇಲ್ಲದಿದ್ದರೆ ಇದು ಅದಕ್ಕೆ ಕೂರುವುದಿಲ್ಲ ಎಂದು ಅವಳು ವಿವರಿಸಿದಳು: ನಿಮ್ಮ ಕಾಲದ ಕ್ಯಾಮೆರಾದ ಹೊಟ್ಟೆ ದಪ್ಪ, ಇದರದು ತೆಳು, ಲೆನ್ಸು ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರವನ್ನು ಈ ಬಳೆ ಇಟ್ಟುಕೊಡುತ್ತದೆ. “ಹಾಗಾದ್ರೆ ದೂರ ಇಡೋದೇ ಇದರ ಕೆಲಸ,” ಎಂದು ಅವರು ನಕ್ಕರು. ಅವರ ಕೈ ನಡುಗುತ್ತಿತ್ತು. ಈಗೀಗ ಊಟದ ತಟ್ಟೆಗೆ ಚಮಚ ತಾಗಿ ಸದ್ದಾಗುವಷ್ಟು. ಚಿಕ್ಕಮ್ಮ ಒಳಗಿನಿಂದ, “ಇವರ ಕೈಗೆ ಔಷಧಿ ಬಾಟ್ಲಿ ಕೊಟ್ರೆ ಸಾಕು, ಕುಲುಕಿ ಬಳಸಿ ಅಂತ ಬೇರೆ ಬರೀಬೇಕಾಗಿಲ್ಲ,” ಎಂದಳು. ಐವತ್ತು ವರ್ಷದ ಸಂಸಾರ ಅದು. ಎಷ್ಟು ನಡುಗಿದರೂ ಚೆಲ್ಲುವುದಿಲ್ಲ.

ಲೆನ್ಸು ಕೂರಿಸಿ ಕೊಟ್ಟಾಗ ಅವರು ಗುಂಡಿ ಒತ್ತಿದರು. ಕ್ಯಾಮೆರಾ ಸುಮ್ಮನಿತ್ತು. ಪರದೆಯ ಮೇಲೆ ಲೆನ್ಸ್ ಇಲ್ಲ ಎಂಬರ್ಥದ ಸಾಲೊಂದು ಬಂತು. ಯಂತ್ರದ ಮಾತನ್ನು ಮನುಷ್ಯರಿಗೆ ದಾಟಿಸುವ ಕೆಲಸ ಇನ್ನು ತನಗೆ ಬೇಡ ಎಂದು ಅವಳಿಗೆ ಅನ್ನಿಸಿತು. ಆದರೆ ಅವರೇ ಕನ್ನಡಕ ಏರಿಸಿ ಓದಿ, “ನೋಡೇ, ನಲವತ್ತು ವರ್ಷ ದುಡಿದಿರೋ ಲೆನ್ಸನ್ನ ಇಲ್ಲವೇ ಇಲ್ಲ ಅಂತಿದೆ. ಭಾರೀ ಬುದ್ಧಿವಂತ,” ಎಂದು ಖುಷಿಪಟ್ಟರು. ಲೆನ್ಸ್ ಇಲ್ಲದೆಯೂ ಚಿತ್ರ ತೆಗೆ ಎಂದು ಮೆನುವಿನಲ್ಲಿ ಒಪ್ಪಿಸಬೇಕಿತ್ತು, ಒಪ್ಪಿಸಿದಳು. ಕೈನಡುಕ ತಡೆಯುವ ವ್ಯವಸ್ಥೆಗೆ ಎಂಬತ್ತೈದು ಎಂಬ ಸಂಖ್ಯೆ ನಾವೇ ತುಂಬಬೇಕು, ತುಂಬಿದಳು. ಅವರು ಬಾಗಿಲಲ್ಲಿ ಟವೆಲಿಗೆ ಕೈ ಒರೆಸುತ್ತ ನಿಂತ ಹೆಂಡತಿಯ ಕಡೆ ತಿರುಗಿ, ಲೆನ್ಸಿನ ಫೋಕಸ್ ಉಂಗುರವನ್ನು ಬೆರಳ ತುದಿಯಲ್ಲಿ ಎಳೆದು, ಫೋಟೋ ತೆಗೆದರು. ಚಿತ್ರ ನಿಶ್ಚಲವಾಗಿ ಬಂದಿತ್ತು. ಟವೆಲಿನ ನೂಲುನೂಲೂ ಎಣಿಸುವಂತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. “ನನ್ನ ಕೈ ಒಳ್ಳೇ ಕಾಲದಲ್ಲೂ ಇಷ್ಟು ನೆಟ್ಟಗಿರಲಿಲ್ಲ,” ಎಂದರು.

ಅವರ ಸ್ಟುಡಿಯೋದಲ್ಲಿ ಅವಳು ಕೆಲಸ ಕಲಿತಿದ್ದು. ಅಪ್ಪ ಹೋದ ಮೇಲೆ ಶಾಲೆಗೆ ಕಳಿಸಿದ್ದೂ, ಶಾಲೆ ಬಿಟ್ಟು ಬಂದ ಮೇಲೆ ಕತ್ತಲಕೋಣೆಯ ಕೆಂಪು ದೀಪದಡಿ ಕಾಗದ ತೊಳೆಯಲು ಹೇಳಿಕೊಟ್ಟಿದ್ದೂ ಅವರೇ. ಇಪ್ಪತ್ತೆರಡಾಗಿದ್ದಾಗ, ಕೆಲಸದ ಅರ್ಜಿಗೆ ಫೋಟೋ ಬೇಕೆಂದು ಬಂದ ಒಬ್ಬನಿಗೆ ಚಿಕ್ಕಪ್ಪ “ಗುರುವಾರ ಬನ್ನಿ” ಎಂದಾಗ, ಅವಳು ಆ ಗಿರಾಕಿಯ ಎದುರೇ, “ಎದುರಿನ ಅಂಗಡೀಲಿ ಹತ್ತು ನಿಮಿಷಕ್ಕೆ ಕೊಡ್ತಾರೆ ಚಿಕ್ಕಪ್ಪ,” ಎಂದಿದ್ದಳು. ಅವನು ಥ್ಯಾಂಕ್ಸ್ ಹೇಳಿ ರಸ್ತೆ ದಾಟಿದ. ಮುಂದಿನ ತಿಂಗಳು ಅವಳೇ ದಾಟಿದಳು. ಆ ಡಿಜಿಟಲ್ ಅಂಗಡಿಯ ಕೌಂಟರಿನಿಂದ ಚಿಕ್ಕಪ್ಪ ತಮ್ಮ ಮೆಟ್ಟಿಲ ಮೇಲೆ ಕೂತು ಲೆನ್ಸು ಒರೆಸುವುದು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಕೈ ಎತ್ತುತ್ತಿದ್ದರು. ಅವಳು ಕೆಲಸವಿದ್ದಂತೆ ತಲೆ ತಗ್ಗಿಸುತ್ತಿದ್ದಳು. ಕೆಲವು ಗಿರಾಕಿಗಳು ಬಂದು “ಎದುರಿನವರು ಕಳಿಸಿದ್ರು” ಎಂದಾಗ, ಇದು ನನ್ನನ್ನು ಚುಚ್ಚಲೆಂದೇ ಎಂದುಕೊಂಡು ಕೆನ್ನೆ ಬಿಸಿಯಾಗುತ್ತಿತ್ತು. ಎರಡು ವರ್ಷಕ್ಕೆ ಸ್ಟುಡಿಯೋದ ಶಟರು ಇಳಿಯಿತು. ಭಾನುವಾರ ಕಿಟಕಿಯ ಬಳಿ, ಲೆನ್ಸನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ಚಿಕ್ಕಪ್ಪ, ನಾನು ಆವತ್ತು ಹಾಗೆ ಎದುರಿನ ಅಂಗಡಿಗೆ ಹೋಗಿದ್ದು…” ಎಂದು ಶುರುಮಾಡಿದಳು. “ಓ, ಅದಾ?” ಎಂದರು ಅವರು. “ಒಳ್ಳೇದೇ ಆಯ್ತಲ್ಲ. ಅವಸರ ಅಂತ ಬಂದೋರನ್ನೆಲ್ಲ ನಿನ್ನ ಹತ್ರ ಕಳಿಸ್ತಿದ್ದೆ. ನಮ್ಮ ಹುಡುಗಿ ಅಲ್ಲಿದಾಳೆ, ಕಣ್ಣು ಚೆನ್ನಾಗಿದೆ, ಅವಳ ಕೈಲೇ ತೆಗೆಸ್ಕೊಳ್ಳಿ ಅಂತ. ಬರ್ತಿದ್ರು ತಾನೆ?”

ಬರುತ್ತಿದ್ದರು ಎಂದಳು. ಇಪ್ಪತ್ತೈದು ವರ್ಷ ಒಂದು ಒಳ್ಳೆಯ ಮಾತನ್ನು ಬೈಗುಳವೆಂದು ಹೊತ್ತುಕೊಂಡು ತಿರುಗಿದ್ದೆನಲ್ಲ. ಅವರು ಅವಳ ಮುಖ ನೋಡಲಿಲ್ಲ, ಅಥವಾ ನೋಡಿಯೂ ನೋಡದವರಂತೆ, “ಮೂಗಿಗೆ ಫೋಕಸ್ ಮಾಡ್ಬೇಡ, ಕಣ್ಣಿಗೆ ಮಾಡು. ಎರಡರಲ್ಲಿ ಯಾವುದು ಹತ್ತಿರ ಇದೆಯೋ ಆ ಕಣ್ಣಿಗೆ. ಹತ್ತಿರದ ಕಣ್ಣು ಸರಿಯಾದ್ರೆ ಉಳಿದಿದ್ದೆಲ್ಲ ಸರಿ ಅನ್ಸುತ್ತೆ,” ಎಂದರು. ಅವಳು ಮೆಟ್ಟಿಲಿಳಿಯುವಾಗ ಒಂದೊಂದು ಮಹಡಿಯ ತಿರುವಿನಲ್ಲೂ ನಿಂತು ಮೂಗು ಒರೆಸಿಕೊಂಡಳು. ಕೆಳಗಿನ ಮನೆಯಾಕೆ ಬಾಗಿಲು ತೆರೆದು, “ನೆಗಡಿನಾ?” ಎಂದಾಗ “ಹೂಂ, ಜೋರಾಗೇ ಹಿಡಿದಿದೆ,” ಎಂದು ನಕ್ಕಳು.

ಬುಧವಾರ ಹತ್ತು ಐವತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಟೈಲರಮ್ಮ ಹೊಸ್ತಿಲಲ್ಲೇ ನಿಂತಳು. ಬೂದು ಸ್ಕಾರ್ಫು, ಕಣ್ಣೆರಡು ಮಾತ್ರ ಹೊರಗೆ. ಬಲಗಣ್ಣು ಮಿಟುಕುತ್ತಿತ್ತು, ಎಡಗಣ್ಣು ಅದನ್ನು ಅರ್ಧಕ್ಕೆ ಹಿಂಬಾಲಿಸಿ ನಿಲ್ಲುತ್ತಿತ್ತು. ಮೂರು ತಿಂಗಳಿಂದ ಒಪ್ಪ ಮಾಡಿಟ್ಟಿದ್ದ ಮಾತುಗಳು ಫೋಟೋ ಮೇಡಂ ನಾಲಿಗೆಯ ತುದಿಗೆ ಬಂದವು. ಬಾಯಿಂದ ಹೊರಬಂದದ್ದು ಮಾತ್ರ, “ಕೂತ್ಕೊಳ್ಳಿ. ನೀರು ಬೇಕಾ?”

“ಬೇಡ. ಎಲ್ಲಿ ಅದು?”

ಲೆನ್ಸನ್ನು ಕೈಗೆ ಕೊಟ್ಟಳು. ಟೈಲರಮ್ಮ ಅದನ್ನು ಬಟ್ಟೆಯ ಗುಣ ನೋಡುವವಳ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ತೀಡಿದಳು, ಉಂಗುರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿದಳು, ಕಟ್ ಕಟ್ ಎನ್ನುವ ಇನ್ನೊಂದು ಉಂಗುರವನ್ನು ತಿರುಗಿಸಿ ಒಳಗಿನ ತೆಳು ತಗಡಿನ ಎಲೆಗಳು ಮುಚ್ಚಿ ತೆರೆಯುವುದನ್ನು ನೋಡಿದಳು. “ಯಾರದು?” “ನಮ್ಮ ಚಿಕ್ಕಪ್ಪಂದು.” “ಇದಾರಾ?” “ಇದಾರೆ.” “ಎಣ್ಣೆ ಬಿಟ್ಟು ಚೆನ್ನಾಗಿಟ್ಕೊಂಡಿದಾರೆ,” ಎಂದು, ತನ್ನ ಯಂತ್ರದ ಬಗ್ಗೆ ಹೇಳುವಂತೆ ಹೇಳಿ, ವಾಪಸು ಕೊಟ್ಟು, ಸ್ಟೂಲಿನ ಮೇಲೆ ಕೂತು ಸ್ಕಾರ್ಫು ಬಿಚ್ಚಿದಳು. ಫೋಟೋ ಮೇಡಂ ಮಾನಿಟರಿನ ವೈರು ಮೊದಲೇ ಕಿತ್ತಿಟ್ಟಿದ್ದಳು. ಟೈಲರಮ್ಮ ಕಪ್ಪಾದ ಪರದೆಯತ್ತ ಗದ್ದ ಆಡಿಸಿದಳು. “ಹಾಕಿ ಅದನ್ನ. ನಾನು ನೋಡ್ಬೇಕು.”

ಹಾಕಿದಳು. ಪರದೆಯಲ್ಲಿ ನೀಲಿಯ ನಡುವೆ ಒಂದು ಕಂದು ಮೋಡ ಕಂಡಿತು. ಉಂಗುರ ತಿರುಗಿದಂತೆ ಮೋಡ ಒಳಗಿನಿಂದ ಗಟ್ಟಿಯಾಗುತ್ತ, ಕಿವಿಯ ಅಂಚು, ಕೂದಲು, ಹುಬ್ಬು, ಒಂದೊಂದಾಗಿ ಬಂದವು. ಚೂಪಾದ ಅಂಚುಗಳನ್ನು ಕೆಂಪು ಗೆರೆಯಲ್ಲಿ ಎದ್ದು ತೋರಿಸುವ ಸೌಲಭ್ಯವೊಂದಿತ್ತು, ಹಳೆಯ ಲೆನ್ಸು ಬಳಸುವವರಿಗೆಲ್ಲ ಅದೇ ಆಸರೆ. ಸೋಮವಾರ ಸಿಸ್ಟರನ್ನು ಕೂರಿಸಿ ಅಭ್ಯಾಸ ಮಾಡುವಾಗ ಆ ಕೆಂಪು ಕೆನ್ನೆಯ ಮೇಲೆ ಜ್ವಾಲೆಯಂತೆ ಓಡಾಡುವುದನ್ನು ನೋಡಿ ಅದನ್ನೂ ಆರಿಸಿಬಿಟ್ಟಿದ್ದಳು. ಈಗ ಅವಳಿಗೆ ಉಳಿದದ್ದು ಓದುವ ಕನ್ನಡಕ ಮತ್ತು ಎರಡು ಬೆರಳು. ನಾಲ್ಕು ಚಿತ್ರ ತೆಗೆದಳು. ದೊಡ್ಡದು ಮಾಡಿ ನೋಡಿದಳು. ನಾಲ್ಕರಲ್ಲೂ ಕಿವಿ ಸ್ಪಷ್ಟ, ಕಣ್ಣು ಮಂಜು. ಏನೂ ಹೇಳದೆ ಇನ್ನೊಂದು ಸಲ ತೆಗೆಯಬಹುದಿತ್ತು, ರೋಗಿಗಳಿಗೆ ತಿಳಿಯುವುದಿಲ್ಲ. ಹನ್ನೊಂದು ವರ್ಷ ಎಷ್ಟೋ ಸಲ ಹಾಗೆ ಮಾಡಿದ್ದಳು.

“ನಾಲ್ಕೂ ಹಾಳಾಗಿವೆ,” ಎಂದಳು. “ತಪ್ಪು ನಂದು. ನಿಮ್ಮದೇನೂ ಇಲ್ಲ.” ಅಲ್ಲಿಗೇ ನಿಲ್ಲಲಾಗದೆ ಮುಂದುವರಿಸಿದಳು. “ಆವತ್ತಿಂದೂ ನಂದೇ. ಮೆಷಿನ್ನಿಗೆ ಗೊತ್ತಾಗಲಿಲ್ಲ, ಅದು ಮೆಷಿನ್ನು. ನಂಗೆ ಮುಖ ಎದುರಿಗೇ ಕಾಣ್ತಿತ್ತು. ಕಂಡೂ ಹಾಗಂದೆ. ಅಂದು ಮೂರು ತಿಂಗಳು ಸುಮ್ನೆ ಇದ್ದೆ. ಡಾಕ್ಟರ್ರು ಕೇಳಿದ್ರೆ ಗೊತ್ತಿಲ್ಲ ಅಂದೆ.”

ಗೋಡೆಯಾಚೆಯಿಂದ ‘ಉಸಿರು ಹಿಡೀರಿ’ ಎಂದು ಕೇಳಿಸಿತು. ಟೈಲರಮ್ಮ ತನ್ನ ಉಗುರುಗಳನ್ನು ನೋಡಿಕೊಂಡಳು. ‘ಬಿಡಿ’ ಎಂದರು ಆಚೆಯವರು.

“ನಾನು ಒಂದ್ಸಲ ಒಬ್ರಿಗೆ,” ಎಂದಳು ಟೈಲರಮ್ಮ, “ಅಳತೆ ತಗೊಳ್ವಾಗ, ಅಯ್ಯೋ ನನ್ನ ಟೇಪೇ ಸಾಲ್ತಿಲ್ವಲ್ಲ ಅಂದ್ಬಿಟ್ಟೆ. ನಗ್ತಾ ಅಂದೆ. ಆಯಮ್ಮ ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಈ ಮೂರು ತಿಂಗಳಲ್ಲಿ ನಿಮ್ಮನ್ನ ಬೈಕೊಳ್ಳೋಕೆ ಕೂತಾಗೆಲ್ಲ ಆಯಮ್ಮ ಅಡ್ಡ ಬಂದು ನಿಂತ್ಕೊಳ್ಳೋಳು.” ನಗು ಬಂದು ಮುಖದ ಬಲಭಾಗ ಮಾತ್ರ ಅರಳಿತು. “ಹೋಗ್ಲಿ ಬಿಡಿ. ಬಿಚ್ಚಿ ಹೊಲೀರಿ.”

ಫೋಟೋ ಮೇಡಂ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದಳು. ಈಗ ಅವಸರವಿರಲಿಲ್ಲ. ಸಾವಿರಾರು ಮುಖ ತೆಗೆದಿದ್ದೇನೆ, ಆದರೆ ಅಷ್ಟನ್ನೂ ನೋಡಿದ್ದು ಕ್ಯಾಮೆರಾ, ನಾನು ಬರೀ ಗುಂಡಿ ಒತ್ತಿದೆ ಎಂದು ಯೋಚಿಸುತ್ತ ಉಂಗುರವನ್ನು ಕೂದಲೆಳೆಯಷ್ಟು ಎಳೆದಳು. ಹಚ್ಚಿದ ಚರ್ಮ ಕೆನ್ನೆಯ ಚರ್ಮಕ್ಕೆ ಸೇರುವ ಕಡೆ ಒಂದು ತೆಳು ಗೆರೆ, ಆಚೆ ಗೋಧಿ ಬಣ್ಣ, ಈಚೆ ಗುಲಾಬಿ. ಇಂಥ ಗೆರೆಗಳನ್ನು ಅವಳು ವರದಿಗಳಲ್ಲಿ ಮಿಲಿಮೀಟರಿನಲ್ಲಿ ಓದಿದ್ದಳು. ಅದು ಇಷ್ಟು ನಾಜೂಕಾಗಿ ಬಾಗಿ ಕಿವಿಯ ಹಿಂದೆ ಮರೆಯಾಗುತ್ತದೆ ಎಂದು ನೋಡಿರಲಿಲ್ಲ. ಅರ್ಧ ಹುಬ್ಬು. ಉಳಿದರ್ಧವನ್ನು ಟೈಲರಮ್ಮ ಪೆನ್ಸಿಲಿನಲ್ಲಿ ತಿದ್ದಿಕೊಂಡಿದ್ದಳು, ಇವತ್ತು, ಇಲ್ಲಿಗೆ ಬರುವ ಮುಂಚೆ, ಕನ್ನಡಿಯ ಮುಂದೆ ನಿಂತು. ಬರುವುದೋ ಬೇಡವೋ ಎನ್ನುತ್ತಿದ್ದವಳು ಹುಬ್ಬು ತಿದ್ದಿಕೊಂಡು ಬಂದಿದ್ದಾಳೆ. ಎಡಗಣ್ಣೇ ಹತ್ತಿರವಿತ್ತು. ಒದ್ದೆಯಾದ, ಕೆಂಪು ನರಗಳ, ಮುಚ್ಚಲಾಗದ ಕಣ್ಣು. ಅದರ ಕಪ್ಪಿನಲ್ಲಿ ಕಿಟಕಿ ಇತ್ತು, ಕಿಟಕಿಯ ಮುಂದೆ ಬಗ್ಗಿದ ಒಂದು ಆಕೃತಿ ಇತ್ತು.

“ಯಾಕೆ ಇಷ್ಟು ಹೊತ್ತು?”

“ನಾನೇ ಹುಡುಕ್ಬೇಕಲ್ಲ.”

“ಸಿಕ್ತಾ?”

“ಸಿಕ್ತು,” ಎಂದು ಒತ್ತಿದಳು.

ಎಡ, ಬಲ, ಗದ್ದ ಎತ್ತಿ. ಬಣ್ಣ ತಾಳೆ ನೋಡಲು ಬೂದು ಕಾರ್ಡು ಹಿಡಿಸಿ ಒಂದು. ಕೊನೆಗೆ, “ಕಣ್ಣು ಮುಚ್ಚಿ” ಎಂದಳು. ಬಲಗಣ್ಣು ಮುಚ್ಚಿತು. ಎಡಗಣ್ಣಿನ ರೆಪ್ಪೆ ಇಳಿದು, ನಡುದಾರಿಯಲ್ಲಿ ಹಿಡಿದು ನಿಂತಿತು. ಕೆಳಗೆ ಬಿಳಿಯ ಪಟ್ಟಿ. “ಮುಚ್ಚಿದೀನಿ ಅಂತಾನೇ ನಂಗೆ ಅನ್ಸುತ್ತೆ,” ಎಂದಳು ಟೈಲರಮ್ಮ ಹಾಗೇ ಕೂತು. “ಬಟ್ಟೆ ಕಟ್ಕೊಂಡು ಮಲಗ್ತೀನಿ. ಬಟ್ಟೆ ಜಾರಿದ್ರೆ ಉರಿ ಶುರು. ನಮ್ಮನೆಯವರು ಹೇಳ್ತಾರೆ, ನೀನು ಮಲಗಿದ್ರೂ ನನ್ನನ್ನ ಕಾಯ್ತಾ ಇರ್ತೀಯ ಅಂತ. ಎಂಟು ತಿಂಗಳಾಯ್ತು ಮೇಡಂ, ನಿದ್ದೆ ಅಂತ ಒಂದು ಮಾಡಿ.” ಆ ಚಿತ್ರವನ್ನು ಫೋಟೋ ಮೇಡಂ ಮೂರು ಸಲ ತೆಗೆದಳು. ಮೂರೂ ಚೆನ್ನಾಗಿ ಬಂದವು, ಆ ಬಿಳಿಯ ಪಟ್ಟಿಯ ಮೇಲೆ ಕೂತಿದ್ದ ಧೂಳಿನ ಕಣ ಕೂಡ ಕಾಣುವಷ್ಟು.

ಮುಗಿಯಿತು ಎಂದಾಗ ಟೈಲರಮ್ಮ ಏಳಲಿಲ್ಲ. “ಒಂದ್ಸಲ ನಾನು ತಿರುಗಿಸ್ಲಾ?” ಜಾಗ ಅದಲುಬದಲಾಯಿತು. ಹನ್ನೊಂದು ವರ್ಷದಲ್ಲಿ ಫೋಟೋ ಮೇಡಂ ಆ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು. ದೀಪ ನೇರ ಕಣ್ಣಿಗೆ ಹೊಡೆಯಿತು, ಕೈ ಎಲ್ಲಿಡಬೇಕೋ ತೋಚಲಿಲ್ಲ, ನೀಲಿ ಬಟ್ಟೆ ಬೆನ್ನಿಗೆ ತಣ್ಣಗಿತ್ತು. ಇಲ್ಲಿ ಕೂರುವುದೆಂದರೆ ಹೀಗೆಯೇ? “ನಿಮ್ಮ ಎಡ ಭುಜ ಒಂದು ಬೆರಳು ಇಳಿದಿದೆ,” ಎಂದಳು ಟೈಲರಮ್ಮ ಕ್ಯಾಮೆರಾದ ಹಿಂದಿನಿಂದ. “ಚೀಲ ಆ ಕಡೆ ಹಾಕ್ತೀರ. ಬಟ್ಟೆ ಹೊಲಿಸುವಾಗ ಹೇಳಿ, ಒಳಗಡೆ ಒಂದು ಪದರ ಕೊಟ್ರೆ ಯಾರಿಗೂ ಗೊತ್ತಾಗಲ್ಲ. ಈಗ ಅಲ್ಲಾಡ್ಬೇಡಿ.” ಸೂಜಿಗೆ ದಾರ ಪೋಣಿಸಿದ ಕೈ ಅದು, ಉಂಗುರ ಅತ್ತ ಒಂದು ಸಲ, ಇತ್ತ ಒಂದು ಸಲ, ನಿಂತಿತು. ಪರದೆಯ ಮೇಲೆ ಬಂದ ಹೆಂಗಸು ಸುಸ್ತಾದವಳಂತೆ, ಸ್ವಲ್ಪ ಹೆದರಿದವಳಂತೆ ಕಂಡಳು. ಕಣ್ಣುಗಳು ಮಾತ್ರ ಇಬ್ಬನಿ ಒರೆಸಿದ ಗಾಜಿನಂತೆ ಸ್ವಚ್ಛವಾಗಿದ್ದವು. ಚಿಕ್ಕಪ್ಪ ಗಿರಾಕಿಗಳಿಗೆ ಹೇಳುತ್ತಿದ್ದುದು ನೆನಪಾಗಿ ಅವಳು ಬೇಗ ಬೇರೆ ಕಡೆ ನೋಡಿದಳು.

ಮಧ್ಯಾಹ್ನ ಚಿತ್ರಗಳನ್ನು ಕೊಡುವಾಗ ಅವಳು ಸರ್ಜನ್‌ಗೆ ಚೌಕದ ಸಂಗತಿಯನ್ನೂ ಆವತ್ತು ಸುಳ್ಳು ಹೇಳಿದ್ದನ್ನೂ ಹೇಳಿದಳು. ಅವರು ಚಿತ್ರ ನೋಡುತ್ತಲೇ ಕೇಳಿಸಿಕೊಂಡು, “ಹೂಂ,” ಎಂದರು. ಆಮೇಲೆ, “ಚೌಕ ನನಗೂ ಒಂದೊಂದ್ಸಲ ಬರುತ್ತೆ ಕಣ್ರೀ, ಮುಖ ಬಿಟ್ಟು ಗಾಯದ ಸುತ್ತ ಮಾತ್ರ,” ಎಂದು ಮುಂದಿನ ಚಿತ್ರಕ್ಕೆ ಹೋದರು. ಗುರುವಾರದ ಮೀಟಿಂಗಿನಲ್ಲಿ ಹತ್ತು ನಿಮಿಷವೂ ಚರ್ಚೆಯಾಗಲಿಲ್ಲವಂತೆ. ಧೂಳಿನ ಕಣ ಕಂಡವರೇ ದಿನಾಂಕ ಬರೆದರಂತೆ. ಅವಳು ಚಿಕ್ಕಪ್ಪನಿಗೆ ಫೋನು ಮಾಡಿ ಹೇಳಿದಾಗ ಅವರು ಮೊದಲು ಕೇಳಿದ್ದು, “ಯಾವ ಕಣ್ಣಿಗೆ ಮಾಡ್ದೆ?”

ರೆಪ್ಪೆಯ ಆಪರೇಷನ್ ಆಗಿ ಆರು ವಾರಕ್ಕೆ, ಬಿಸಿಲು ಚೆನ್ನಾಗಿ ಬಿದ್ದಿದ್ದ ಒಂದು ದಿನ, ಟೈಲರಮ್ಮ ಮತ್ತೆ ಬಂದಳು. ಕತ್ತಿನಲ್ಲಿ ಸ್ಕಾರ್ಫು ಇತ್ತು, ಮುಖಕ್ಕೆ ಸುತ್ತಿರಲಿಲ್ಲ. ಸಮವಸ್ತ್ರದ ಹೊಲಿಗೆಯ ಕಾಲ, ಶಾಲೆ ತೆರೆಯುವುದರೊಳಗೆ ಮುನ್ನೂರು ಅಂಗಿ ಕೊಡಬೇಕು, ಕೂತು ಕೂತು ಸೊಂಟ ಹಿಡಿದಿದೆ ಎಂದು ಒಂದೇ ಉಸಿರಿಗೆ ಹೇಳಿ ಕೂತಳು. ಮುಂದಿನಿಂದ, ಎಡದಿಂದ, ಬಲದಿಂದ. “ಕಣ್ಣು ಮುಚ್ಚಿ, ಅಕ್ಕ,” ಎಂದಳು ಫೋಟೋ ಮೇಡಂ. ಅಕ್ಕ ಎಂದದ್ದು ಹೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಎರಡು ರೆಪ್ಪೆಗಳೂ ಒಟ್ಟಿಗೆ ಇಳಿದವು. ಎಡದ್ದು ಅರೆಕ್ಷಣ ತಡವಾಗಿ, ಆದರೆ ಪೂರ್ತಿ. ಬಿಳಿಯ ಪಟ್ಟಿ ಇರಲಿಲ್ಲ. ರೆಪ್ಪೆಯ ಅಂಚಿನಲ್ಲಿ ಹೊಲಿಗೆಯ ಚುಕ್ಕೆಗಳು ಮಾಸುತ್ತಿದ್ದವು. ಅವಳು ಉಂಗುರ ತಿರುಗಿಸುತ್ತ, ದೊಡ್ಡದು ಮಾಡಿ ನೋಡುತ್ತ, ಮತ್ತೆ ತಿರುಗಿಸುತ್ತ, ಎಂದಿನಂತೆ ಹೊತ್ತು ತೆಗೆದುಕೊಂಡಳು. ಒತ್ತಿದಳು. “ಆಯ್ತು, ತೆರೀರಿ.”

ಟೈಲರಮ್ಮ ತೆರೆಯಲಿಲ್ಲ. ತಲೆ ಒಂದಿಷ್ಟು ಬಲಕ್ಕೆ ವಾಲಿತ್ತು. ಮಡಿಲಲ್ಲಿದ್ದ ಬೆರಳುಗಳು ಸಡಿಲವಾಗಿದ್ದವು. ಉಸಿರು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು, ಆಚೆ ಕೋಣೆಯ ಕೂಗಿಗೆ ಸಂಬಂಧವೇ ಇಲ್ಲದಂತೆ. ಫೋಟೋ ಮೇಡಂ ಸದ್ದಾಗದಂತೆ ಬಂದು, ಬೀಳದ ಹಾಗೆ ತನ್ನ ಸೊಂಟವನ್ನು ಅವಳ ಭುಜಕ್ಕೆ ಆಸರೆಯಾಗಿ ಕೊಟ್ಟು ಪಕ್ಕದಲ್ಲಿ ನಿಂತಳು. ಸಿಸ್ಟರು ಬಾಗಿಲು ತೆರೆದು, “ಮೇಡಂ, ಹೊರಗಡೆ ಇನ್ನೂ ಐದು ಜನ—” ಎಂದವಳು, ಕಂಡದ್ದೇನೆಂದು ಅರ್ಥವಾಗಿ ಬಾಯಿಗೆ ಕೈ ಇಟ್ಟುಕೊಂಡಳು.

“ಹತ್ತು ನಿಮಿಷ ಕಾಯ್ಲಿ,” ಎಂದಳು ಫೋಟೋ ಮೇಡಂ ಪಿಸುದನಿಯಲ್ಲಿ. “ಹೋಗ್ತಾ ಆ ದೀಪ ಆರಿಸಿ ಹೋಗು.”